ಕಿರುಹೊತ್ತಿಗೆಯ ದೊಡ್ಡ ಪಯಣ: ಒಪೆರಾದ ಮಾತು, ಇಟಲಿಯ ಬೇರು



ಕನ್ನಡ ಸಮ್ಮೇಳನದ ಪ್ರಧಾನ ಭಾಷಣಕ್ಕೆ ಇಟಲಿಯ ಒಪೆರಾ ಏಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಉತ್ತರ ಸರಳವಾಗಿದೆ. ಒಪೆರಾ ಎಂದಾಗ ನಮಗೆ ಮೊಜಾರ್ಟ್, ವೆರ್ದಿ, ಪುಚ್ಚೀನಿ ನೆನಪಾಗುತ್ತಾರೆ. ಸಂಗೀತಗಾರರ ಹೆಸರುಗಳು ಮಾತ್ರ. ಆದರೆ ವೇದಿಕೆಯ ಮೇಲೆ ನಿಂತು ಹಾಡುವವರ ಬಾಯಲ್ಲಿ ಬರುವ ಮಾತನ್ನು ಯಾರೋ ಒಬ್ಬ ಬರೆದಿರಬೇಕಲ್ಲ? ಆ ಮಾತಿನ ಹೊತ್ತಿಗೆಗೆ ಲಿಬ್ರೆಟ್ಟೊ ಎಂದು ಹೆಸರು. ಅದನ್ನು ಬರೆದವರಲ್ಲಿ ಹಲವರು ಹಗಲು ಬೇರೆ ಕೆಲಸ ಮಾಡಿ ಬಿಡುವಿನಲ್ಲಿ ಬರೆದವರು. ಇನ್ನು ಕೆಲವರು ತಾಯ್ನಾಡು ಬಿಟ್ಟು, ತಮ್ಮ ಭಾಷೆ ಬಾರದ ಊರಿನಲ್ಲಿ ಕುಳಿತು ತಮ್ಮ ಭಾಷೆಯಲ್ಲೇ ಬರೆದವರು. ಅವರ ಕತೆ ನಮ್ಮ ಕತೆಯಿಂದ ಬಹಳ ದೂರದ್ದಲ್ಲ.

ಹೆಸರಿನಿಂದ ಶುರು ಮಾಡೋಣ

ಇಟಾಲಿಯನ್ನಿನಲ್ಲಿ ಲಿಬ್ರೊ ಎಂದರೆ ಪುಸ್ತಕ. ಅದಕ್ಕೆ ಚಿಕ್ಕದು ಎಂಬ ಅರ್ಥದ ಪ್ರತ್ಯಯ ಸೇರಿದರೆ ಲಿಬ್ರೆಟ್ಟೊ, ಅಂದರೆ ಕಿರುಹೊತ್ತಿಗೆ. ಈ ಪದ ಎರಡು ವಸ್ತುಗಳನ್ನು ಸೂಚಿಸುತ್ತದೆ. ಒಂದು, ಒಪೆರಾದ ಸಾಹಿತ್ಯ. ಎರಡು, ಆ ಸಾಹಿತ್ಯವನ್ನು ಅಚ್ಚು ಹಾಕಿಸಿ ನಾಟಕಶಾಲೆಯ ಬಾಗಿಲಲ್ಲಿ ಮಾರುತ್ತಿದ್ದ, ಅಂಗೈಯಲ್ಲಿ ಹಿಡಿಯುವಂಥ ಪುಸ್ತಕ. ಮೊದಲು ಇದ್ದದ್ದು ಆ ಪುಸ್ತಕದ ಹೆಸರು. ಒಳಗಿನ ಸಾಹಿತ್ಯಕ್ಕೂ ಅದೇ ಹೆಸರು ಅಂಟಿಕೊಂಡಿತು.

ಇದು ನಮಗೆ ಅಪರಿಚಿತವೇನಲ್ಲ. ಸಿನಿಮಾ ಟಾಕೀಸುಗಳ ಮುಂದೆ ಕೆಲವೇ ಪುಟಗಳ ಹಾಡಿನ ಪುಸ್ತಕ ಮಾರುತ್ತಿದ್ದುದನ್ನು ಇಲ್ಲಿರುವ ಹಿರಿಯರು ಕಂಡಿದ್ದಾರೆ. ಕಥಾಸಾರಾಂಶವನ್ನು ಅರ್ಧಕ್ಕೆ ನಿಲ್ಲಿಸಿ 'ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ' ಎನ್ನುತ್ತಿದ್ದ ಪುಸ್ತಕಗಳವು. ಕರಾವಳಿಯವರಿಗೆ ಯಕ್ಷಗಾನದ ಪ್ರಸಂಗ ಪುಸ್ತಕ ಗೊತ್ತು. ಭಾಗವತರು ಹಾಡುವ ಪದ್ಯಗಳೆಲ್ಲ ಅದರಲ್ಲಿರುತ್ತವೆ. ವೇಷಧಾರಿಗಳು ಆಡುವ ಅರ್ಥ ಅದರಲ್ಲಿರುವುದಿಲ್ಲ. ಲಿಬ್ರೆಟ್ಟೊ ಇವೆರಡಕ್ಕೂ ದೂರದ ನೆಂಟ. ಒಂದೇ ವ್ಯತ್ಯಾಸವೆಂದರೆ, ಒಪೆರಾದಲ್ಲಿ ಸಂಭಾಷಣೆಯನ್ನೂ ಹಾಡಲಾಗುತ್ತದೆ. ಹಾಗಾಗಿ ಪಾತ್ರ ಆಡುವ ಪ್ರತಿಯೊಂದು ಮಾತೂ ಆ ಹೊತ್ತಿಗೆಯಲ್ಲಿ ಇರಲೇಬೇಕು.

ಫ್ಲಾರೆನ್ಸಿನ ಒಂದು ತಪ್ಪು ತಿಳಿವಳಿಕೆ

1570 ಮತ್ತು 80ರ ದಶಕಗಳಲ್ಲಿ ಫ್ಲಾರೆನ್ಸ್ ನಗರದ ಜೊವಾನ್ನಿ ದೆ ಬಾರ್ದಿ ಎಂಬ ಶ್ರೀಮಂತನ ಮನೆಯಲ್ಲಿ ಕವಿಗಳು, ಗಾಯಕರು, ವಿದ್ವಾಂಸರು ಸೇರುತ್ತಿದ್ದರು. ಅವರಲ್ಲೊಬ್ಬ ವಿಂಚೆಂಜೊ ಗೆಲಿಲಿ, ವಿಜ್ಞಾನಿ ಗೆಲಿಲಿಯೊನ ತಂದೆ. ಪುರಾತನ ಗ್ರೀಕರು ತಮ್ಮ ದುರಂತ ನಾಟಕಗಳನ್ನು ಮೊದಲಿನಿಂದ ಕೊನೆಯವರೆಗೂ ಹಾಡುತ್ತಿದ್ದರು ಎಂಬ ವಾದ ಈ ಗುಂಪಿಗೆ ಬಹಳ ಹಿಡಿಸಿತ್ತು. ಇಂದಿನ ವಿದ್ವಾಂಸರು ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಮೇಳದ ಭಾಗಗಳನ್ನು ಹಾಡುತ್ತಿದ್ದರು, ಉಳಿದ ಬಹುಭಾಗ ಆಡುಮಾತು ಎನ್ನುತ್ತಾರೆ. ಆದರೆ ಆ ತಪ್ಪು ತಿಳಿವಳಿಕೆಯಿಂದ ಹೊಸದೊಂದು ಕಲೆ ಹುಟ್ಟಿತು.

ಆಗ ಅಲ್ಲಿ ಬಳಕೆಯಲ್ಲಿದ್ದದ್ದು ಹಲವು ದನಿಗಳು ಒಟ್ಟೊಟ್ಟಿಗೆ ಬೇರೆಬೇರೆ ಎಳೆಗಳನ್ನು ಹಾಡುವ ಪದ್ಧತಿ. ಕೇಳಲು ಇಂಪು, ಆದರೆ ಮಾತು ಕಿವಿಗೆ ದಕ್ಕುತ್ತಿರಲಿಲ್ಲ. ಗೆಲಿಲಿ 1581ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಆಕ್ಷೇಪಿಸಿದ. ಒಂದೇ ದನಿ ಹಾಡಬೇಕು, ಮಾತಿನ ಏರಿಳಿತವನ್ನೇ ಸಂಗೀತ ಹಿಂಬಾಲಿಸಬೇಕು ಎಂಬುದು ಅವನ ನಿಲುವು. ಅಂದರೆ ಒಪೆರಾದ ಬೀಜದಲ್ಲೇ ಇದ್ದದ್ದು ಸಾಹಿತ್ಯದ ಪರವಾದ ಒಂದು ಜಗಳ.

ಆ ನಿಲುವಿಗೆ ನಾಟಕರೂಪ ಕೊಟ್ಟ ಕವಿ ಒತ್ತಾವಿಯೊ ರಿನುಚ್ಚೀನಿ. ಅವನು ಬರೆದ 'ದಾಫ್ನೆ'ಗೆ ಯಾಕೊಪೊ ಪೆರಿ ಸಂಗೀತ ಹಾಕಿದ; ಯಾಕೊಪೊ ಕೊರ್ಸಿ ಎಂಬ ಧನಿಕ ತಾನೂ ಕೆಲವು ಭಾಗಗಳಿಗೆ ಸ್ವರ ಕೂಡಿಸಿದ. 1598ರಲ್ಲಿ ಕೊರ್ಸಿಯ ಮನೆಯಲ್ಲಿ ಅದರ ಪ್ರದರ್ಶನ ನಡೆಯಿತು. ಚರಿತ್ರೆಯಲ್ಲಿ ಇದನ್ನೇ ಮೊದಲ ಒಪೆರಾ ಎಂದು ಗುರುತಿಸುತ್ತಾರೆ. ಇವತ್ತು ಆ ಸಂಗೀತದ ಕೆಲವು ಚೂರುಗಳು ಮಾತ್ರ ಉಳಿದಿವೆ. ಆದರೆ ರಿನುಚ್ಚೀನಿಯ ಸಾಹಿತ್ಯ ಪೂರ್ತಿಯಾಗಿ ಇದೆ. ಕಾರಣ, 1600ರಲ್ಲಿ ಅದು ಕಿರುಹೊತ್ತಿಗೆಯಾಗಿ ಅಚ್ಚಾಗಿತ್ತು.

ಇದೇ 'ದಾಫ್ನೆ' ಮುಂದೆ ಜರ್ಮನಿಗೂ ಹೋಯಿತು. ಕವಿ ಮಾರ್ಟಿನ್ ಓಪಿಟ್ಸ್ ಅದನ್ನು ಜರ್ಮನ್ ಭಾಷೆಗೆ ತಂದ. ಹೈನ್ರಿಖ್ ಶೂಟ್ಸ್ ಸಂಗೀತ ಹಾಕಿದ. 1627ರಲ್ಲಿ ಟೋರ್ಗಾವ್ ಪಟ್ಟಣದಲ್ಲಿ ಒಂದು ರಾಜಮನೆತನದ ಮದುವೆಯಲ್ಲಿ ಆಡಿದರು. ಜರ್ಮನ್ ಒಪೆರಾದ ಆರಂಭ ಅಲ್ಲಿಂದ ಎನ್ನುತ್ತಾರೆ. ಅದರ ಸಂಗೀತವೂ ಕಳೆದುಹೋಗಿದೆ, ಅಚ್ಚಾದ ಸಾಹಿತ್ಯ ಮಾತ್ರ ಉಳಿದಿದೆ. ಎರಡು ಭಾಷೆಗಳಲ್ಲಿ, ಎರಡು ಸಲ, ಒಂದೇ ಪಾಠ. ಈ ಮಾತನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಇದರ ಹತ್ತಿರಕ್ಕೇ ಬರುತ್ತೇನೆ.

ಸಂಗೀತ ಪೂರ್ತಿಯಾಗಿ ಉಳಿದಿರುವ ಅತ್ಯಂತ ಹಳೆಯ ಒಪೆರಾ 'ಯೂರಿದಿಚೆ'. ಇದೂ ರಿನುಚ್ಚೀನಿಯದೇ. 1600ರ ಅಕ್ಟೋಬರ್ 6ರಂದು ಫ್ಲಾರೆನ್ಸಿನ ಪಿತ್ತಿ ಅರಮನೆಯಲ್ಲಿ, ಮರಿಯಾ ದೆ ಮೆದಿಚಿ ಮತ್ತು ಫ್ರಾನ್ಸಿನ ನಾಲ್ಕನೇ ಹೆನ್ರಿಯ ಮದುವೆಯ ಸಂಭ್ರಮದಲ್ಲಿ ಆಡಿದ್ದು. ಮೂಲ ಗ್ರೀಕ್ ಕತೆಯಲ್ಲಿ ಗಾಯಕ ಓರ್ಫಿಯಸ್ ತನ್ನ ಹೆಂಡತಿಯನ್ನು ಸಾವಿನ ಲೋಕದಿಂದ ಕರೆತರುವಾಗ ಹಿಂತಿರುಗಿ ನೋಡಿ ಅವಳನ್ನು ಮತ್ತೆ ಕಳೆದುಕೊಳ್ಳುತ್ತಾನೆ. ಮದುವೆಮನೆಯಲ್ಲಿ ಅಂಥ ಅಪಶಕುನ ಸಲ್ಲುತ್ತದೆಯೆ? ರಿನುಚ್ಚೀನಿ ಕತೆಯನ್ನು ಸುಖಾಂತ ಮಾಡಿದ. ಸಭೆ ನೋಡಿ ಮಾತು ಬದಲಿಸುವ ಕೆಲಸ ಲಿಬ್ರೆಟ್ಟೊಗೆ ಹುಟ್ಟಿನಿಂದಲೇ ಬಂದಿದೆ.

1607ರಲ್ಲಿ ಮಾಂತುವಾ ನಗರದ ಆಸ್ಥಾನದಲ್ಲಿ ಅದೇ ಕತೆಯನ್ನು ಅಲೆಸ್ಸಾಂದ್ರೊ ಸ್ತ್ರಿಜ್ಜೊ ಬರೆದ, ಕ್ಲೌದಿಯೊ ಮೊಂತೆವೆರ್ದಿ ಸಂಗೀತ ಹಾಕಿದ. ಸ್ತ್ರಿಜ್ಜೊ ವೃತ್ತಿಯಲ್ಲಿ ಆಸ್ಥಾನದ ಕಾರ್ಯದರ್ಶಿ. ಹಾಡುವಾಗ ಪ್ರೇಕ್ಷಕರೆಲ್ಲ ಕೈಯಲ್ಲಿ ಹಿಡಿದು ಓದಲಿ ಎಂದು 'ಓರ್ಫೆಯೊ'ದ ಸಾಹಿತ್ಯವನ್ನು ಮೊದಲೇ ಅಚ್ಚು ಹಾಕಿಸಿದ್ದರು. ಆ ಹೊತ್ತಿಗೆಯಲ್ಲಿ ಕತೆ ಮದಿರೆಯ ದೇವತೆಯ ಉನ್ಮತ್ತ ಸ್ತ್ರೀಯರ ಆರ್ಭಟದಲ್ಲಿ ಮುಗಿಯುತ್ತದೆ. ಎರಡು ವರ್ಷದ ನಂತರ ಅಚ್ಚಾದ ಸ್ವರಪುಸ್ತಕದಲ್ಲಿ ಅಪೊಲೊ ದೇವರು ಬಂದು ಓರ್ಫಿಯಸನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾನೆ. ಒಂದೇ ಒಪೆರಾ, ಎರಡು ಮುಕ್ತಾಯ. ಕಿರುಹೊತ್ತಿಗೆ ಉಳಿಯದಿದ್ದರೆ ಮೊದಲಿನ ಮುಕ್ತಾಯ ಹೀಗಿತ್ತು ಎಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ.

ವೆನಿಸ್: ಟಿಕೆಟ್ಟು, ಮೇಣದ ಬತ್ತಿ, ವಕೀಲ

ಅರಮನೆಯ ಆಟವನ್ನು ಊರಿನ ಆಟವನ್ನಾಗಿ ಮಾಡಿದ್ದು ವೆನಿಸ್. 1637ರಲ್ಲಿ ಅಲ್ಲಿನ ಸಾನ್ ಕಸ್ಸಿಯಾನೊ ನಾಟಕಶಾಲೆ ಹಣ ಕೊಟ್ಟವರಿಗೆಲ್ಲ ಒಪೆರಾ ತೋರಿಸಿತು. ಮೊದಲ ಆಟ 'ಆಂದ್ರೊಮೆದಾ'. ಬರೆದವನು ಬೆನೆದೆತ್ತೊ ಫೆರ್ರಾರಿ, ಸಂಗೀತ ಫ್ರಾಂಚೆಸ್ಕೊ ಮನೆಲ್ಲಿ. ಕೆಲವೇ ವರ್ಷಗಳಲ್ಲಿ ಅದೇ ಊರಿನಲ್ಲಿ ಒಂದಕ್ಕೊಂದು ಪೈಪೋಟಿ ಕೊಡುವ ಹಲವು ನಾಟಕಶಾಲೆಗಳು ಎದ್ದವು.

ಈ ವ್ಯಾಪಾರದಲ್ಲಿ ಕಿರುಹೊತ್ತಿಗೆಗೆ ಒಳ್ಳೆಯ ಸ್ಥಾನವಿತ್ತು. ಜನ ಟಿಕೆಟ್ಟಿನ ಜೊತೆಗೆ ಪುಸ್ತಕ ಕೊಳ್ಳುತ್ತಿದ್ದರು, ಕತ್ತಲಲ್ಲಿ ಓದಲು ಸಣ್ಣ ಮೇಣದ ಬತ್ತಿಯನ್ನೂ ಕೊಳ್ಳುತ್ತಿದ್ದರು. ಗ್ರಂಥಾಲಯಗಳಲ್ಲಿ ಉಳಿದಿರುವ ಆ ಕಾಲದ ಕೆಲವು ಪ್ರತಿಗಳ ಪುಟಗಳ ಮೇಲೆ ಇವತ್ತಿಗೂ ಮೇಣದ ಹನಿಗಳಿವೆ. ಪುಸ್ತಕದ ಮಾರಾಟದ ಹಣ ಮತ್ತು ಅದನ್ನು ಅರ್ಪಣೆ ಮಾಡಿಸಿಕೊಂಡ ಶ್ರೀಮಂತ ಕೊಡುವ ಕಾಣಿಕೆ, ಇವೇ ಕವಿಯ ಸಂಪಾದನೆ. ಇಡೀ ಒಪೆರಾದ ಸ್ವರಲಿಪಿಯನ್ನು ಅಚ್ಚು ಹಾಕಿಸುವುದು ದುಬಾರಿ; ಅದು ಬಹುಪಾಲು ಕೈಬರಹದಲ್ಲೇ ಉಳಿದು, ಆಟ ಮುಗಿದ ಮೇಲೆ ಎಷ್ಟೋ ಸಲ ಕಳೆದುಹೋಗುತ್ತಿತ್ತು.

ಪುಸ್ತಕದ ರಚನೆಯೂ ಸ್ವಾರಸ್ಯದ್ದು. ಮೊದಲು ಅರ್ಪಣೆ. ನಂತರ ಹಿಂದಿನ ಕತೆಯ ಸಾರಾಂಶ. ಆಮೇಲೆ ಪಾತ್ರಗಳ ಪಟ್ಟಿ, ದೃಶ್ಯಗಳ ಪಟ್ಟಿ, ಕೊನೆಗೆ ಪದ್ಯಗಳು. ಕೆಲವು ಸಾಲುಗಳ ಪಕ್ಕದಲ್ಲಿ, ಅಂಚಿನಲ್ಲಿ, ಉದ್ಧರಣ ಚಿಹ್ನೆಗಳಿರುತ್ತವೆ. ಅವು ಕವಿ ಬರೆದ, ಆದರೆ ಸಮಯ ಸಾಲದೆಂದು ಹಾಡದೆ ಬಿಟ್ಟ ಸಾಲುಗಳು. ಪ್ರದರ್ಶನಕ್ಕೆ ಕತ್ತರಿ ಬಿದ್ದರೂ ಪುಸ್ತಕದಲ್ಲಿ ಕವಿ ಬರೆದದ್ದು ಉಳಿಯಲಿ ಎಂಬ ಏರ್ಪಾಡು. ಕವಿಗೆ ಸಲ್ಲುತ್ತಿದ್ದ ಮರ್ಯಾದೆ ಆ ಚಿಕ್ಕ ಗುರುತಿನಲ್ಲಿ ಕಾಣುತ್ತದೆ.

1643ರಲ್ಲಿ ವೆನಿಸ್ಸಿನಲ್ಲಿ ಮೊಂತೆವೆರ್ದಿಯ 'ಪೊಪ್ಪೆಯಳ ಪಟ್ಟಾಭಿಷೇಕ' ರಂಗಕ್ಕೆ ಬಂತು. ಪುರಾಣವನ್ನು ಬಿಟ್ಟು ರೋಮ್ ಚರಿತ್ರೆಯ ನೀರೊ ಚಕ್ರವರ್ತಿಯನ್ನು ವೇದಿಕೆಗೆ ತಂದ ಕೃತಿ ಇದು. ಕೆಟ್ಟವರು ಗೆಲ್ಲುತ್ತಾರೆ, ಒಳ್ಳೆಯವರು ಸಾಯುತ್ತಾರೆ, ಕೊನೆಗೆ ಗೆದ್ದವರ ಪ್ರೇಮಗೀತೆ. ಇಂಥ ಎದೆಗಾರಿಕೆಯ ಸಾಹಿತ್ಯ ಬರೆದ ಜೊವಾನ್ ಫ್ರಾಂಚೆಸ್ಕೊ ಬುಸೆನೆಲ್ಲೊ ವೃತ್ತಿಯಲ್ಲಿ ವಕೀಲ. 1656ರಲ್ಲಿ ತನ್ನ ಲಿಬ್ರೆಟ್ಟೊಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದಾಗ ಅವನು ಇಟ್ಟ ಹೆಸರಿನ ಅರ್ಥ 'ಬಿಡುವಿನ ಗಂಟೆಗಳು' ಎಂದು. ವಾರವೆಲ್ಲ ಆಫೀಸಿನ ಕೆಲಸ ಮುಗಿಸಿ, ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಕನ್ನಡದಲ್ಲಿ ಬರೆಯಲು ಕೂರುವವರು ಈ ಸಭೆಯಲ್ಲಿ ಎಷ್ಟು ಜನರಿದ್ದೀರಿ ಎಂಬುದು ನನಗೆ ಗೊತ್ತು. ಬುಸೆನೆಲ್ಲೊ ನಮ್ಮ ಪೈಕಿಯವನು.

ಹಾಡಲು ಬರೆಯುವ ಕಸುಬು

ಇಟಾಲಿಯನ್ ಭಾಷೆಗೂ ಒಪೆರಾಕ್ಕೂ ಇಷ್ಟು ಹೊಂದಿಕೆ ಏಕೆ? ಒಂದು ಕಾರಣ ಪದಗಳ ಕೊನೆ. ಇಟಾಲಿಯನ್ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ಗಾಯಕ ಬಾಯಿ ತೆರೆದೇ ಪದ ಮುಗಿಸಬಹುದು, ನಾದವನ್ನು ಎಷ್ಟು ಬೇಕಾದರೂ ಎಳೆಯಬಹುದು. ಹೊಸಗನ್ನಡದ ಸ್ವಭಾವವೂ ಇದೇ. ಇಂಗ್ಲಿಷಿನ ಬಸ್ ನಮ್ಮಲ್ಲಿ ಬಸ್ಸು ಆಗುತ್ತದೆ, ಕಾರ್ ಕಾರು ಆಗುತ್ತದೆ. ವ್ಯಂಜನದಲ್ಲಿ ನಿಂತ ಪದಕ್ಕೆ ಒಂದು ಸ್ವರ ಸೇರಿಸದಿದ್ದರೆ ನಮ್ಮ ನಾಲಿಗೆಗೆ ಸಮಾಧಾನವಿಲ್ಲ.

ಎರಡನೆಯದು ಛಂದಸ್ಸು. ನಾವು ಷಟ್ಪದಿಯಲ್ಲಿ ಮಾತ್ರೆ ಎಣಿಸುತ್ತೇವೆ. ಇಟಾಲಿಯನ್ ಕವಿ ಸಾಲಿಗೆ ಎಷ್ಟು ಅಕ್ಷರ ಎಂದು ಎಣಿಸುತ್ತಾನೆ. ಏಳು ಮತ್ತು ಹನ್ನೊಂದು ಅಕ್ಷರದ ಸಾಲುಗಳನ್ನು ಬೇಕಾದಂತೆ ಬೆರೆಸಿ ಬರೆದರೆ ಅದು ಮಾತಿಗೆ ಹತ್ತಿರ. ಇಂಥ ಸಾಲುಗಳನ್ನು ಸಂಗೀತಗಾರ ಅರ್ಧ ಮಾತು ಅರ್ಧ ಹಾಡಿನಂತೆ ನಡೆಸುತ್ತಾನೆ, ಇದು ರೆಚಿತತೀವೊ. ಕತೆ ಮುಂದೆ ಸಾಗುವುದು ಇಲ್ಲಿ. ಸಮನಾದ ಸಾಲುಗಳು, ಪ್ರಾಸ, ಗಟ್ಟಿಯಾದ ಲಯ ಇದ್ದರೆ ಅದು ಆರಿಯಾ. ಅಲ್ಲಿ ಕತೆ ನಿಲ್ಲುತ್ತದೆ, ಭಾವ ತುಂಬಿ ಹರಿಯುತ್ತದೆ. ಎಲ್ಲಿ ಮಾತು ಸಾಕು, ಎಲ್ಲಿ ಹಾಡು ಬೇಕು ಎಂಬುದನ್ನು ನಿರ್ಧರಿಸುವವನು ಮೊದಲು ಕವಿಯೇ. ಅವನು ಛಂದಸ್ಸು ಬದಲಿಸಿದ ಕಡೆ ಸಂಗೀತಗಾರನಿಗೆ ಸೂಚನೆ ಸಿಗುತ್ತದೆ. ಭಾಮಿನಿಯಿಂದ ವಾರ್ಧಕಕ್ಕೆ, ದ್ವಿಪದಿಗೆ ಹೊರಳುವ ಪ್ರಸಂಗಕರ್ತ ಭಾಗವತರಿಗೆ ಕೊಡುವ ಸೂಚನೆಯ ಹಾಗೆ.

ವಿಯೆನ್ನಾದಲ್ಲಿ ಐವತ್ತೆರಡು ವರ್ಷ

ಈ ಕಸುಬನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ಮೆತಸ್ತಾಸಿಯೊ. ಹುಟ್ಟಿದ್ದು 1698ರಲ್ಲಿ, ರೋಮ್ ನಗರದಲ್ಲಿ. ಮೂಲ ಹೆಸರು ಪಿಯೆತ್ರೊ ತ್ರಪಾಸ್ಸಿ. ಬೀದಿಯಲ್ಲಿ ನಿಂತು ಆಶುಕವಿತೆ ಹೇಳುತ್ತಿದ್ದ ಈ ಹುಡುಗನನ್ನು ಗ್ರಾವೀನಾ ಎಂಬ ನ್ಯಾಯಶಾಸ್ತ್ರಜ್ಞ ಕೇಳಿ, ಮೆಚ್ಚಿ, ಮನೆಗೆ ಕರೆದೊಯ್ದು ಓದಿಸಿದ. ಅವನ ಮನೆತನದ ಹೆಸರನ್ನು ಗ್ರೀಕ್ ಭಾಷೆಗೆ ತಿರುಗಿಸಿ ಹೊಸ ಹೆಸರಿಟ್ಟವನೂ ಅವನೇ.

1730ರಲ್ಲಿ ಮೆತಸ್ತಾಸಿಯೊ ಚಕ್ರವರ್ತಿಯ ಆಸ್ಥಾನಕವಿಯಾಗಿ ವಿಯೆನ್ನಾಕ್ಕೆ ಹೋದ. ಅವನಿಗಿಂತ ಮುಂಚೆ ಆ ಪೀಠದಲ್ಲಿದ್ದವನು ವೆನಿಸ್ಸಿನ ಅಪೊಸ್ತೊಲೊ ಜೆನೊ. ಮೆತಸ್ತಾಸಿಯೊ ಅಲ್ಲೇ ನೆಲೆಸಿ 1782ರಲ್ಲಿ ಅಲ್ಲೇ ತೀರಿಕೊಂಡ. ಜರ್ಮನ್ ಮಾತಾಡುವ ಊರಿನಲ್ಲಿ ಐವತ್ತೆರಡು ವರ್ಷ ಬಾಳಿ, ಬರೆದದ್ದು ಇಟಾಲಿಯನ್ನಿನಲ್ಲಿ. ಅವನು ಬಾಡಿಗೆಗಿದ್ದ ಕಟ್ಟಡದ ಅಟ್ಟದ ಕೋಣೆಯಲ್ಲಿ, ಆಗಿನ್ನೂ ಹೆಸರಿಲ್ಲದ ತರುಣ ಹೈಡನ್ ವಾಸವಾಗಿದ್ದ.

ಮೆತಸ್ತಾಸಿಯೊನ ಸಾಹಿತ್ಯಕ್ಕೆ ಸಿಕ್ಕ ಮನ್ನಣೆ ಇವತ್ತಿಗೆ ಊಹಿಸುವುದೂ ಕಷ್ಟ. ಅವನ 'ಅರ್ತಸೆರ್ಸೆ'ಗೆ ಎಂಬತ್ತಕ್ಕೂ ಹೆಚ್ಚು ಸಂಗೀತಗಾರರು ಬೇರೆಬೇರೆಯಾಗಿ ಸಂಗೀತ ಹಾಕಿದರು. ಸಾಹಿತ್ಯ ಸ್ಥಿರ, ಸಂಗೀತ ಋತುವಿಗೊಮ್ಮೆ ಬದಲು. ಎಷ್ಟೋ ಊರುಗಳಲ್ಲಿ ಜನಕ್ಕೆ ಆರಿಯಾಗಳ ಮಾತು ಮೊದಲೇ ಬಾಯಿಪಾಠವಾಗಿರುತ್ತಿತ್ತು. ಈ ಸಲದ ಸಂಗೀತ ಹೇಗಿದೆ ಎಂದು ನೋಡಲು ಬರುತ್ತಿದ್ದರು. ಒಂದೇ ದಾಸರ ಪದವನ್ನು ಒಬ್ಬೊಬ್ಬ ಗಾಯಕರು ಒಂದೊಂದು ರಾಗದಲ್ಲಿ ಹಾಡುವುದನ್ನು ಕೇಳಿ ಬೆಳೆದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಅವನ ಇನ್ನೊಂದು ಕೃತಿ 'ಭಾರತದಲ್ಲಿ ಅಲೆಕ್ಸಾಂಡರ್'. ಝೀಲಂ ನದಿಯ ದಡದಲ್ಲಿ ಸೋತರೂ ತಲೆ ತಗ್ಗಿಸದ ಪೋರಸ್ ರಾಜ ಅದರ ನಾಯಕರಲ್ಲೊಬ್ಬ. ಇದನ್ನೇ ತಿದ್ದಿ ಹಾಂಡೆಲ್ 1731ರಲ್ಲಿ ಲಂಡನ್ನಿನಲ್ಲಿ 'ಪೋರೊ' ಎಂಬ ಒಪೆರಾ ಮಾಡಿದ. ಗಮನಿಸಿ: ಸಂಗೀತಗಾರ ಜರ್ಮನಿಯವನು, ಭಾಷೆ ಇಟಾಲಿಯನ್, ಸಭೆ ಇಂಗ್ಲಿಷಿನದು, ನಾಯಕ ಭಾರತದವನು. ಲಂಡನ್ನಿನ ಜನಕ್ಕೆ ಅರ್ಥವಾದದ್ದು ಹೇಗೆ? ಅಲ್ಲಿ ಮಾರುತ್ತಿದ್ದ ಕಿರುಹೊತ್ತಿಗೆಯಲ್ಲಿ ಒಂದು ಪುಟದಲ್ಲಿ ಇಟಾಲಿಯನ್, ಎದುರು ಪುಟದಲ್ಲಿ ಇಂಗ್ಲಿಷ್ ಇರುತ್ತಿತ್ತು. ಭಾಷೆ ಬಾರದವರನ್ನು ಒಳಗೆ ಕೂರಿಸಿಕೊಳ್ಳಲು ಭಾಷೆಯನ್ನು ಬಿಟ್ಟುಕೊಡಬೇಕಾಗಿಲ್ಲ ಎಂಬುದನ್ನು ಅವರು ಮುನ್ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು.

ಕಿರಾಣಿ ಅಂಗಡಿಯ ಕವಿ

ಈಗ ನನಗೆ ಅತ್ಯಂತ ಪ್ರಿಯನಾದ ಮನುಷ್ಯನ ಬಳಿಗೆ ಬರುತ್ತೇನೆ. ಲೊರೆಂಜೊ ದಾ ಪೊಂತೆ ಹುಟ್ಟಿದ್ದು 1749ರಲ್ಲಿ, ವೆನಿಸ್ ಗಣರಾಜ್ಯದ ಚೆನೆದಾ ಎಂಬ ಸಣ್ಣ ಊರಿನ ಯಹೂದಿ ಕುಟುಂಬದಲ್ಲಿ. ಮೊದಲ ಹೆಸರು ಎಮನುಯೆಲೆ ಕೊನೆಲ್ಯಾನೊ. 1763ರಲ್ಲಿ ತಂದೆ ಕ್ರೈಸ್ತ ಧರ್ಮಕ್ಕೆ ಸೇರಿದಾಗ ಹುಡುಗನಿಗೆ ಬಿಷಪ್ಪನ ಹೆಸರನ್ನೇ ಇಟ್ಟರು. ಓದಿ ಪಾದ್ರಿಯಾದ, ಆದರೆ ಪಾದ್ರಿಯಂತೆ ಬಾಳಲಿಲ್ಲ. 1779ರಲ್ಲಿ ವೆನಿಸ್ ಅವನನ್ನು ಹದಿನೈದು ವರ್ಷಗಳ ಕಾಲ ಗಡೀಪಾರು ಮಾಡಿತು.

ಅಲೆದಲೆದು ವಿಯೆನ್ನಾ ಸೇರಿದ. 1783ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಇಟಾಲಿಯನ್ ಒಪೆರಾ ತಂಡ ಕಟ್ಟಿದಾಗ, ಸಂಗೀತಗಾರ ಸಾಲಿಯೆರಿಯ ನೆರವಿನಿಂದ ನಾಟಕಶಾಲೆಯ ಕವಿಯಾದ. ಅಲ್ಲಿಯವರೆಗೆ ಎಷ್ಟು ನಾಟಕ ಬರೆದಿದ್ದೀಯೆ ಎಂದು ಚಕ್ರವರ್ತಿ ಕೇಳಿದಾಗ, ಒಂದೂ ಇಲ್ಲ ಎಂದು ಹೇಳಿದೆ ಎಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಮುಂದಿನ ಕೆಲವು ವರ್ಷಗಳಲ್ಲಿ ಈತ ಮೊಜಾರ್ಟನಿಗಾಗಿ ಮೂರು ಲಿಬ್ರೆಟ್ಟೊ ಬರೆದ: 1786ರಲ್ಲಿ 'ಫಿಗರೊನ ಮದುವೆ', 1787ರಲ್ಲಿ 'ದೋನ್ ಜೊವಾನ್ನಿ', 1790ರಲ್ಲಿ 'ಕೊಸೀ ಫಾನ್ ತುತ್ತೆ'. 'ಫಿಗರೊ' ಫ್ರೆಂಚ್ ಲೇಖಕ ಬೊಮಾರ್ಶೆಯ ನಾಟಕ. ಆಳು ತನ್ನ ಒಡೆಯನ ಬಾಯಿ ಮುಚ್ಚಿಸುವ ಆ ನಾಟಕವನ್ನು ವಿಯೆನ್ನಾದಲ್ಲಿ ಆಡದಂತೆ ಚಕ್ರವರ್ತಿಯೇ ತಡೆದಿದ್ದ. ದಾ ಪೊಂತೆ ಮಾಡಿದ್ದು ಜಾಣತನದ ಕೆಲಸ. ಹದಿನಾರು ಪಾತ್ರಗಳನ್ನು ಹನ್ನೊಂದಕ್ಕೆ ಇಳಿಸಿದ, ಐದು ಅಂಕಗಳನ್ನು ನಾಲ್ಕು ಮಾಡಿದ. ಕೊನೆಯಲ್ಲಿ ಫಿಗರೊ ಶ್ರೀಮಂತರ ಹುಟ್ಟಿನ ಹಕ್ಕನ್ನು ಕುರಿತು ಆಡುವ ಉರಿಮಾತನ್ನು ತೆಗೆದು ಹೆಂಗಸರ ಚಂಚಲತೆಯ ಬಗ್ಗೆ ಒಂದು ಹಾಡು ಇಟ್ಟ. ಆದರೂ ಕತೆಯ ಬೆನ್ನುಮೂಳೆ ಹಾಗೇ ಉಳಿಯಿತು: ಕೊನೆಗೆ ಒಡೆಯನೇ ಎಲ್ಲರೆದುರು ಮಂಡಿಯೂರಿ ಕ್ಷಮೆ ಕೇಳುತ್ತಾನೆ. ರಾಜಕೀಯದ ಭಾಷಣ ಹೋದರೂ ರಾಜಕೀಯ ಹೋಗಲಿಲ್ಲ.

ಇದೇ ಕಾಲದಲ್ಲಿ ಮಾತು ದೊಡ್ಡದೋ ಸಂಗೀತ ದೊಡ್ಡದೋ ಎಂಬ ಜಗಳ ಬಿರುಸಾಗಿತ್ತು. ಕವಿ ಕಲ್ಸಬಿಜಿಯ ಜೊತೆ ದುಡಿದ ಗ್ಲುಕ್, ಸಂಗೀತ ಕಾವ್ಯದ ಸೇವೆ ಮಾಡಬೇಕು ಎಂದಿದ್ದ. ಕಾವ್ಯವೇ ಸಂಗೀತಕ್ಕೆ ವಿಧೇಯ ಮಗಳಾಗಿರಬೇಕು ಎಂಬುದು 1781ರಲ್ಲಿ ಮೊಜಾರ್ಟ್ ತನ್ನ ತಂದೆಗೆ ಬರೆದ ಪತ್ರದ ಅಭಿಪ್ರಾಯ. 1786ರಲ್ಲಿ ಸಾಲಿಯೆರಿ 'ಮೊದಲು ಸಂಗೀತ, ಆಮೇಲೆ ಮಾತು' ಎಂಬ ಹೆಸರಿನ ನಗೆ ಒಪೆರಾವನ್ನೇ ಮಾಡಿದ. ಕಾಲ ಕೊಟ್ಟ ತೀರ್ಪು ನಮಗೆ ಗೊತ್ತು. ಹಿಂದೆ ಕಿರುಹೊತ್ತಿಗೆಯ ಮೇಲೆ ಕವಿಯ ಹೆಸರು ಎದ್ದು ಕಾಣುತ್ತಿತ್ತು. ಇಂದು ಪೋಸ್ಟರಿನ ಮೇಲೆ ಮೊಜಾರ್ಟನ ಹೆಸರಿರುತ್ತದೆ. ದಾ ಪೊಂತೆಯನ್ನು ಹುಡುಕಬೇಕು.

1790ರಲ್ಲಿ ಜೋಸೆಫ್ ತೀರಿಕೊಂಡ. ಮರುವರ್ಷ ದಾ ಪೊಂತೆಗೆ ಕೆಲಸ ಹೋಯಿತು. ನಂತರ ಲಂಡನ್, ಅಲ್ಲಿ ಸಾಲಗಾರರ ಕಾಟ. 1805ರಲ್ಲಿ, ಮೊದಲೇ ಮಕ್ಕಳೊಂದಿಗೆ ಹೊರಟಿದ್ದ ಹೆಂಡತಿ ನ್ಯಾನ್ಸಿಯನ್ನು ಸೇರಲು ಹಡಗು ಹತ್ತಿ ಅಮೆರಿಕಕ್ಕೆ ಬಂದ. ಮೊಜಾರ್ಟನ ಕವಿ ಅಮೆರಿಕದಲ್ಲಿ ಮಾಡಿದ ಮೊದಲ ಕೆಲಸ ಏನು ಗೊತ್ತೆ? ಕಿರಾಣಿ ಅಂಗಡಿ. ನ್ಯೂಯಾರ್ಕಿನಲ್ಲಿ, ಆಮೇಲೆ ನ್ಯೂಜೆರ್ಸಿಯ ಎಲಿಜಬೆತ್‌ಟೌನಿನಲ್ಲಿ. ಕವಿಯ ಕೈ ಚಹಾಪುಡಿ ತೂಗುವ ಪ್ರತಿ ಸಲವೂ ತನಗೇ ನಗು ಬರುತ್ತಿತ್ತು ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮುಂದೆ ಪೆನ್ಸಿಲ್ವೇನಿಯಾದ ಸನ್‌ಬರಿಯಲ್ಲೂ ವ್ಯಾಪಾರ ಮಾಡಿದ, ಅಲ್ಲೂ ನಷ್ಟ. ಓದಿ ಬಂದ ವಿದ್ಯೆ ಒಂದು, ಬಂದಿಳಿದ ನೆಲದಲ್ಲಿ ಹೊಟ್ಟೆಪಾಡಿಗೆ ಮಾಡಬೇಕಾದದ್ದು ಇನ್ನೊಂದು. ನಮ್ಮಲ್ಲಿ ಎಷ್ಟೋ ಮನೆಗಳ ಮೊದಲ ವರ್ಷಗಳ ಕತೆ ಇದೇ.

ಆದರೆ ಅವನು ತನ್ನ ಭಾಷೆಯನ್ನು ಪೆಟ್ಟಿಗೆಯಲ್ಲಿ ಮಡಿಸಿ ಇಡಲಿಲ್ಲ. ನ್ಯೂಯಾರ್ಕಿನಲ್ಲಿ ಇಟಾಲಿಯನ್ ಪಾಠ ಹೇಳಿದ, ಯುರೋಪಿನಿಂದ ಪುಸ್ತಕ ತರಿಸಿ ಮಾರಿದ. 1825ರಲ್ಲಿ ಕೊಲಂಬಿಯಾ ಕಾಲೇಜಿನ ಮೊದಲ ಇಟಾಲಿಯನ್ ಪ್ರಾಧ್ಯಾಪಕನಾದ. ಹುದ್ದೆ ದೊಡ್ಡದು, ಸಂಬಳ ಇಲ್ಲ. ವಿದ್ಯಾರ್ಥಿಗಳು ಕೊಡುವ ಶುಲ್ಕವೇ ಆದಾಯ. ವಿದ್ಯಾರ್ಥಿಗಳು ಬಾರದಿದ್ದರೆ ಅದೂ ಇಲ್ಲ. ಭಾನುವಾರ ಕನ್ನಡ ಶಾಲೆ ನಡೆಸುವ ನಮ್ಮ ಶಿಕ್ಷಕರಿಗೆ ಈ ವೇತನಶ್ರೇಣಿ ಚೆನ್ನಾಗಿ ಪರಿಚಿತ.

ಅದೇ 1825ರ ನವೆಂಬರಿನಲ್ಲಿ ಮನುಯೆಲ್ ಗಾರ್ಸಿಯಾನ ತಂಡ ನ್ಯೂಯಾರ್ಕಿನ ಪಾರ್ಕ್ ಥಿಯೇಟರಿನಲ್ಲಿ ಇಟಾಲಿಯನ್ ಒಪೆರಾ ಶುರು ಮಾಡಿತು. 1826ರ ಮೇ ತಿಂಗಳಲ್ಲಿ ಅದೇ ತಂಡ 'ದೋನ್ ಜೊವಾನ್ನಿ' ಆಡಿತು. ಸಂಗೀತಗಾರ ಸತ್ತು ಮೂವತ್ತನಾಲ್ಕು ವರ್ಷ ಕಳೆದಿತ್ತು. ಸಾಹಿತ್ಯ ಬರೆದವನು ಎಪ್ಪತ್ತೇಳರ ಮುದುಕನಾಗಿ ಆ ಊರಿನಲ್ಲೇ ಬದುಕಿದ್ದ. ಈ ಆಟ ಆಡಿಸಬೇಕೆಂದು ಓಡಾಡಿದವರಲ್ಲಿ ಅವನೇ ಮುಂದು. 1833ರಲ್ಲಿ ಅವನ ಪಟ್ಟುಹಿಡಿದ ಓಡಾಟದಿಂದ ನ್ಯೂಯಾರ್ಕಿನಲ್ಲಿ ಒಪೆರಾಕ್ಕೆಂದೇ ಒಂದು ನಾಟಕಶಾಲೆ ಎದ್ದಿತು. ಎರಡೇ ಹಂಗಾಮಿನಲ್ಲಿ ಅದೂ ನಷ್ಟದಲ್ಲಿ ಮುಳುಗಿತು.

1838ರ ಆಗಸ್ಟ್ 17ರಂದು ದಾ ಪೊಂತೆ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಅವನನ್ನು ಹೂಳಿದ ಜಾಗ ಇವತ್ತು ಗುರುತಿಗೆ ಸಿಗುವುದಿಲ್ಲ. ಕ್ವೀನ್ಸ್ ಬಡಾವಣೆಯ ಕ್ಯಾಲ್ವರಿ ಸ್ಮಶಾನದಲ್ಲಿ 1987ರಲ್ಲಿ ನೆಟ್ಟ ಒಂದು ನೆನಪಿನ ಕಲ್ಲು ಇದೆ.

ಕತ್ತರಿ ಬೀಳುವುದು ಮಾತಿಗೇ

ಹತ್ತೊಂಬತ್ತನೆಯ ಶತಮಾನದ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಆಗ ಇಟಲಿ ಹಲವು ಅರಸರ ಕೈಯಲ್ಲಿ ಹರಿದು ಹಂಚಿಹೋಗಿತ್ತು. ಒಪೆರಾ ಆಡುವ ಮೊದಲು ಸರಕಾರದ ಪರಿಶೀಲಕರ ಮುಂದೆ ಹೋಗಬೇಕಾದದ್ದು ಸ್ವರಲಿಪಿಯಲ್ಲ, ಲಿಬ್ರೆಟ್ಟೊ. ವೆರ್ದಿಗಾಗಿ ಪಿಯಾವೆ ಬರೆದ 'ರಿಗೊಲೆತ್ತೊ' ವಿಕ್ಟರ್ ಹ್ಯೂಗೊನ ನಾಟಕವನ್ನು ಆಧರಿಸಿದ್ದು. ಮೂಲದಲ್ಲಿದ್ದ ಫ್ರಾನ್ಸಿನ ರಾಜ, 1851ರಲ್ಲಿ ವೆನಿಸ್ಸಿನ ರಂಗಕ್ಕೆ ಬರುವಷ್ಟರಲ್ಲಿ ಮಾಂತುವಾದ ಡ್ಯೂಕ್ ಆಗಿ ಇಳಿದಿದ್ದ. 'ಮುಖವಾಡದ ನೃತ್ಯ' ಎಂಬ ಒಪೆರಾ ಇನ್ನೂ ದೂರ ಓಡಬೇಕಾಯಿತು. ಅದು ಸ್ವೀಡನ್ನಿನ ರಾಜ ಮೂರನೇ ಗುಸ್ತಾವನ ಕೊಲೆಯ ಕತೆ. ವೇದಿಕೆಯ ಮೇಲೆ ರಾಜನನ್ನು ಕೊಲ್ಲುವಂತಿಲ್ಲ ಎಂದರು ಅಧಿಕಾರಿಗಳು. 1859ರಲ್ಲಿ ರೋಮ್ ನಗರದಲ್ಲಿ ಅದು ಕೊನೆಗೂ ರಂಗವೇರಿದಾಗ ಕತೆ ಅಮೆರಿಕದ ಬಾಸ್ಟನ್ನಿಗೆ ಬಂದಿತ್ತು, ರಾಜ ಅಲ್ಲಿನ ಗವರ್ನರ್ ಆಗಿದ್ದ. ಬರೆದ ಆಂತೊನಿಯೊ ಸೊಮ್ಮಾ ಕೂಡ ವಕೀಲನೇ. ಸಂಗೀತವನ್ನು ಯಾರೂ ನಿಷೇಧಿಸಲಿಲ್ಲ. ಅಧಿಕಾರಕ್ಕೆ ಭಯವಿದ್ದದ್ದು ಕಿರುಹೊತ್ತಿಗೆಯ ಬಗ್ಗೆ.

ನಮ್ಮ ಕೈಯಲ್ಲಿರುವುದು

ಇಪ್ಪತ್ತನೆಯ ಶತಮಾನದಲ್ಲಿ ನಾಟಕಶಾಲೆಯ ದೀಪ ಪೂರ್ತಿ ಆರಿಸುವ ರೂಢಿ ಗಟ್ಟಿಯಾಗಿ, ಕತ್ತಲಲ್ಲಿ ಪುಸ್ತಕ ಓದುವುದು ನಿಂತಿತು. ಭಾಷೆ ಬಾರದ ಪ್ರೇಕ್ಷಕ ಹೊರಗಿನವನಾದ. 1983ರ ಜನವರಿಯಲ್ಲಿ ಟೊರಾಂಟೋದ ಕೆನೇಡಿಯನ್ ಒಪೆರಾ ಕಂಪನಿ ವೇದಿಕೆಯ ಮೇಲ್ಭಾಗದಲ್ಲಿ ಅನುವಾದದ ಸಾಲುಗಳನ್ನು ಬೆಳಕಿನಲ್ಲಿ ಮೂಡಿಸಿತು. 1995ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಪ್ರತಿ ಕುರ್ಚಿಯ ಬೆನ್ನಿಗೂ ಪುಟ್ಟ ಪರದೆ ಅಳವಡಿಸಿತು. ವೆನಿಸ್ಸಿನ ಮೇಣದ ಬತ್ತಿ ಮಾಡುತ್ತಿದ್ದ ಕೆಲಸವನ್ನು ಈಗ ವಿದ್ಯುತ್ತು ಮಾಡುತ್ತಿದೆ.

ಕನ್ನಡದಲ್ಲೂ ಹಾಡುವ ನಾಟಕಗಳ ಸಾಹಿತ್ಯ ಇದೆ. ಪು.ತಿ.ನ. ಅವರ 'ಗೋಕುಲ ನಿರ್ಗಮನ' ಪುಸ್ತಕವಾಗಿ ಓದುಗರ ಕೈಯಲ್ಲಿ ಉಳಿದದ್ದರಿಂದಲೇ ಮುಂದಿನ ತಲೆಮಾರಿನ ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತರುವುದು ಸಾಧ್ಯವಾಯಿತು. ಅಚ್ಚಾದ ಮಾತು ತನ್ನ ಸಂಗೀತಗಾರನಿಗಾಗಿ ಕಾಯಬಲ್ಲದು.

ಹೊರನಾಡಿನ ನಾವು ಏನು ಮಾಡುತ್ತಿದ್ದೇವೆ? ಯುಗಾದಿಗೆ, ರಾಜ್ಯೋತ್ಸವಕ್ಕೆ ನಾಟಕ ಬರೆಯುತ್ತೇವೆ, ಗೀತರೂಪಕ ಕಟ್ಟುತ್ತೇವೆ. ತಿಂಗಳುಗಟ್ಟಲೆ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ರಿಹರ್ಸಲ್ ನಡೆಯುತ್ತದೆ. ಒಂದು ಸಂಜೆ ಆಡಿ ಮುಗಿಸುತ್ತೇವೆ. ವಿಡಿಯೊ ಎಲ್ಲ ಹಿಡಿಯುತ್ತೇವೆ, ಫೋಟೊ ನೂರಾರು ಹಂಚುತ್ತೇವೆ. ಆದರೆ ಬರೆದ ಮಾತು ವಾಟ್ಸಾಪಿನ ಯಾವುದೋ ಗುಂಪಿನಲ್ಲಿ ಕೆಳಕೆಳಗೆ ಜಾರಿಹೋಗುತ್ತದೆ. ಫೋನು ಬದಲಾದರೆ ಅದೂ ಹೋಯಿತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಸಭಾಂಗಣದಲ್ಲಿ ಕೂತು, ಅಪ್ಪ ಅಮ್ಮ ಏಕೆ ನಗುತ್ತಿದ್ದಾರೆ ಎಂದು ತಿಳಿಯದೆ, ಹೊರಗೆ ಆಟಕ್ಕೆ ಓಡುತ್ತಾರೆ. ನಾವು ಅವರನ್ನು ಗದರುತ್ತೇವೆ. ತಪ್ಪು ಅವರದಲ್ಲ, ಅವರ ಕೈಗೆ ನಾವು ಏನನ್ನೂ ಕೊಟ್ಟಿಲ್ಲ.

ನನ್ನ ಸಲಹೆ ಚಿಕ್ಕದು. ಇನ್ನು ಮುಂದೆ ನಮ್ಮ ಪ್ರತಿಯೊಂದು ನಾಟಕಕ್ಕೂ ಒಂದು ಕಿರುಹೊತ್ತಿಗೆ ಮಾಡೋಣ. ಹದಿನಾರು ಪುಟ ಸಾಕು. ಪಾತ್ರಗಳ ಪಟ್ಟಿ, ಹಿಂದಿನ ಕತೆ, ಹಾಡುಗಳು, ಮುಖ್ಯವಾದ ಮಾತುಗಳು. ಬಲಪುಟದಲ್ಲಿ ಕನ್ನಡ, ಎಡಪುಟದಲ್ಲಿ, ಹಾಂಡೆಲನ ಲಂಡನ್ನಿನ ಹಾಗೆ, ಇಂಗ್ಲಿಷ್. ಇಂಗ್ಲಿಷಿನ ಪುಟವನ್ನು ನಮ್ಮ ಮಕ್ಕಳೇ ಬರೆಯಲಿ. ಬರೆಯಬೇಕಾದರೆ ಕನ್ನಡದ ಪುಟವನ್ನು ಅರ್ಥ ಮಾಡಿಕೊಳ್ಳಲೇಬೇಕಲ್ಲ. ಮುಖಪುಟದ ಮೇಲೆ ಬರೆದವರ ಹೆಸರು ಸ್ಪಷ್ಟವಾಗಿರಲಿ. ಸಮಯ ಸಾಲದೆ ಬಿಟ್ಟ ಸಾಲುಗಳೂ ಅಂಚಿನ ಗುರುತಿನೊಂದಿಗೆ ಉಳಿಯಲಿ. ಕೆಲವು ಪ್ರತಿಗಳನ್ನು ಇಲ್ಲಿನ ಗ್ರಂಥಾಲಯಗಳಿಗೂ ಊರಿನ ಗ್ರಂಥಾಲಯಗಳಿಗೂ ಕೊಡೋಣ.

ಸಭಾಂಗಣದ ಬಾಡಿಗೆಗೆ, ಊಟದ ಕೇಟರಿಂಗಿಗೆ ಖರ್ಚು ಮಾಡುವ ಹಣದ ಮುಂದೆ ಇದು ದೊಡ್ಡ ಮೊತ್ತವಲ್ಲ. 'ದಾಫ್ನೆ'ಯ ಸಂಗೀತ ಕೇಳಿದವರು ಯಾರೂ ಈಗ ಇಲ್ಲ, ಆ ರಾತ್ರಿಯ ಊಟ ಉಂಡವರೂ ಇಲ್ಲ. ನಾಲ್ಕು ಶತಮಾನಗಳ ಆಚೆಯಿಂದ ನಮ್ಮ ಕೈಗೆ ಬಂದಿರುವುದು ಒಬ್ಬ ಕವಿ ಬರೆದ, ಯಾರೋ ಅಚ್ಚು ಹಾಕಿಸಿದ ಕೆಲವು ಪುಟಗಳು. ಮುಂದಿನ ಸಮ್ಮೇಳನಕ್ಕೆ ಬರುವಾಗ ಈ ಬಾಗಿಲಲ್ಲಿ ಒಂದು ಮೇಜು, ಅದರ ಮೇಲೆ ನಮ್ಮ ನಾಟಕಗಳ ಹೊತ್ತಿಗೆಗಳು ಇರಲಿ ಎಂದು ಕೇಳಿಕೊಳ್ಳುತ್ತೇನೆ. ಮೊದಲ ಹೊತ್ತಿಗೆಯ ಅಚ್ಚಿನ ಖರ್ಚು ನನ್ನದು. ಇದನ್ನು ಪದಾಧಿಕಾರಿಗಳಿಗೆ ಈಗಾಗಲೇ ತಿಳಿಸಿದ್ದೇನೆ.